ಕೆಂಪು ಉಗುರು

ಅನ್ನ, ನೀರು ಸರಿಯಾಗಿ ಸಿಕ್ಕವರ ಉಗುರು ದಾಳಿಂಬೆ ಕಾಳಿನಂತೆ ಕೆಂಪಗಿರುತ್ತಿತ್ತು. ಸಿಗದವರದು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಹೆಣ್ಣು ನೋಡಲು ಬಂದವರೂ ಮೊದಲು ಉಗುರನ್ನೇ ನೋಡುತ್ತಿದ್ದ ಕಾಲವದು.

ಗಾರ್ಮೆಂಟ್ಸ್‌ನಲ್ಲಿ ಹನ್ನೆರಡು ವರ್ಷದಿಂದ ಕಾಲರ್ ಹೊಲಿಯುತ್ತಿದ್ದ ದಾಕ್ಷಾಯಿಣಿಯ ಉಗುರುಗಳು ಬೂದಿಯಾಗಿದ್ದವು. ಪಕ್ಕದ ಮಿಷನ್ನಿಗೆ ಮೊನ್ನೆ ಮೊನ್ನೆ ಬಂದ ಶಾಹಿದಾಳ ಉಗುರುಗಳು ಮಾತ್ರ ಕೆಂಪಗೆ ಹೊಳೆಯುತ್ತಿದ್ದವು. ಅವು ಕಣ್ಣಿಗೆ ಬಿದ್ದಾಗಲೆಲ್ಲ ದಾಕ್ಷಾಯಿಣಿಯ ಹೊಟ್ಟೆ ಉರಿಯುತ್ತಿತ್ತು. ಇವಳು ಮನೆಯಲ್ಲಿ ದಿನಾ ಬಾದಾಮಿ ತಿನ್ನುತ್ತಾಳೆ ಎಂದೇ ಅವಳು ನಂಬಿದ್ದಳು.

ಒಂದು ಮಧ್ಯಾಹ್ನ ತಡೆಯಲಾರದೆ ಶಾಹಿದಾಳ ಡಬ್ಬಿಯತ್ತ ಕತ್ತು ಚಾಚಿದಳು. ಅದರಲ್ಲಿದ್ದದ್ದು ಮುದ್ದೆ, ಸೊಪ್ಪಿನ ಸಾರು. ತನ್ನ ಡಬ್ಬಿಯಲ್ಲಿದ್ದದ್ದೂ ಅದೇ.

“ಮತ್ತೆ ನಿನ್ ಉಗುರು ಹೆಂಗೆ ಹಿಂಗೈತೆ?” ಎಂದಳು ಸಿಡುಕಿ.

“ನೀರು ಕುಡೀತೀನಲ್ಲಕ್ಕಾ. ನೀವು ಬೆಳಗ್ಗೆಯಿಂದ ಒಂದ್ ಗುಟುಕೂ ಕುಡಿದಿಲ್ಲ.”

“ಕುಡಿದ್ರೆ ಬಾತ್‌ರೂಮಿಗೆ ಏಳ್ಬೇಕಲ್ಲ. ಸೂಪರ್‌ವೈಸರ್ ಬಯ್ಯಲ್ವಾ?”

“ಬಯ್ತಾರೆ. ಬಯ್ಸ್ಕೊಂಡೇ ಹೋಗ್ಬರ್ತೀನಿ.”

ಶಾಹಿದಾ ಬಾದಾಮಿ ತಿಂದಿದ್ದರೆ ದಾಕ್ಷಾಯಿಣಿ ಹೇಗೋ ಸಹಿಸಿಕೊಳ್ಳುತ್ತಿದ್ದಳು. ನಿನ್ನೆ ಬಂದವಳಿಗಿರುವ ಈ ಧೈರ್ಯವನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ. ಶಾಹಿದಾಳ ಬಾಟಲಿ ಕಿತ್ತುಕೊಂಡು, ಗಟಗಟನೆ ಅಷ್ಟೂ ಕುಡಿದುಬಿಟ್ಟಳು.

ಮೂರು ಗಂಟೆಗೆ ಮಿಷನ್ ನಿಲ್ಲಿಸಿ ಎದ್ದಳು.

“ಎಲ್ಲಿಗಮ್ಮಾ ಹೊಂಟೆ?” ಸೂಪರ್‌ವೈಸರ್ ಗದರಿದ.

“ಬಾತ್‌ರೂಮಿಗೆ!” ಸಾಲಿನವರಿಗೆಲ್ಲ ಕೇಳುವಂತೆ ಹೇಳಿ, ತಿರುಗಿ ನೋಡದೆ ನಡೆದಳು. ಬೆನ್ನ ಹಿಂದೆ ಇನ್ನೂ ಎರಡು ಮಿಷನ್‌ಗಳ ಸದ್ದು ನಿಂತಿತು.