ತಾಲೀಮಿನ ಎಣಿಕೆ

ಪಾತ್ರೆ ಸ್ಟ್ಯಾಂಡು ಗಲಗಲ ಅಲುಗಿದ್ದೇ ತಡ, ಲಿಫ್ಟ್ ಮೆಕ್ಯಾನಿಕ್ ಹೆಂಡತಿ ಮಕ್ಕಳ ಜೊತೆ ಎದುರಿನ ಮೈದಾನದಲ್ಲಿದ್ದ. ಭಾನುವಾರ ಬಂತೆಂದರೆ ಭೂಕಂಪದ ತಾಲೀಮು ಮಾಡಿಸಿ ಮನೆಯವರ ಪ್ರಾಣ ತಿಂದದ್ದು ಇವತ್ತು ಸಾರ್ಥಕವಾಗಿತ್ತು. ಹೆಂಡತಿಯ ಹೆಗಲಲ್ಲಿ ಔಷಧಿ, ಕಾಗದಪತ್ರಗಳ ಚೀಲ. ದೊಡ್ಡ ಮಗಳ ಕೈಯಲ್ಲಿ ನೀರಿನ ಕ್ಯಾನು. ಚಿಕ್ಕವಳ ಕೈಯಲ್ಲಿ ಟಾರ್ಚು. ಗ್ಯಾಸನ್ನು ಅವನೇ ಆರಿಸಿ ಬಂದಿದ್ದ. ಯಾರೂ ಎಡವಿರಲಿಲ್ಲ, ಚಪ್ಪಲಿ ಹುಡುಕುತ್ತಾ ನಿಂತಿರಲಿಲ್ಲ.

"ಎಷ್ಟು ಸೆಕೆಂಡಾಯ್ತು?" ಏದುಸಿರಿನಲ್ಲೇ ಕೇಳಿದ.

ತಾಲೀಮಿನಲ್ಲಿ ಸೆಕೆಂಡು ಎಣಿಸುತ್ತಿದ್ದದ್ದು ಅವನ ಅಮ್ಮ. "ಮಂಡಿನೋವಲ್ಲಿ ನೀನ್ಯಾಕಮ್ಮ ಓಡ್ತೀಯ, ಕೂತ್ಕೊಂಡು ಎಣಿಸ್ತಾ ಇರು" ಎಂದು ಅವಳ ಕೈಗೆ ಗಡಿಯಾರ ಕೊಟ್ಟು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದವನು ಅವನೇ. ಹೊರಗಿನಿಂದ "ಎಲ್ಲಾ ಬಂದ್ವಿ" ಎಂದು ಅವನು ಕೂಗುವವರೆಗೂ ಅವಳು ಎಣಿಕೆ ನಿಲ್ಲಿಸುತ್ತಿರಲಿಲ್ಲ.

ನೆಲ ಮತ್ತೆ ಅದುರಿತು. ಮನೆಯ ಗೋಡೆಯಲ್ಲಿ ಬಿಟ್ಟ ಬಿರುಕು ಆ ಕಿಟಕಿಯವರೆಗೂ ಹರಿಯಿತು. ಒಳಗಿನಿಂದ ನಡುಗುವ ದನಿಯೊಂದು ಬರುತ್ತಲೇ ಇತ್ತು.

"ಅರವತ್ತೆರಡು... ಅರವತ್ಮೂರು... ಎಲ್ಲಾ ಹೊರಗೆ ಬಂದ್ರೇನಪ್ಪಾ?"