ಮನೆಯಲ್ಲೇ ಇರುವ ಕಾಗದ

"ಇದು ಇನ್ನು ನಡೆಯಲ್ಲ ಕಣಯ್ಯ," ಎಂದು ಡಂಕನ್ ಕುದುರೆಯ ಮೇಲಿಂದಲೇ ಕಾಗದವನ್ನು ಹಿಂದಿರುಗಿಸಿದ. ಅವನು ರಾಜನ ಪಡೆಯ ಹವಾಲ್ದಾರ, ಗಿಲ್ಬರ್ಟನ ಹಳೆಯ ನೆರೆಯವನು. ಚಾರ್ಲ್ಸ್‌ಟೌನ್ ಪಟ್ಟಣದ ಬಂಡಾಯಗಾರರು ರಾಜನ ಪಡೆಗೆ ಶರಣಾದಾಗ, ಬಂಡಾಯ ಬಿಟ್ಟು ಮನೆಯಲ್ಲಿದ್ದರೆ ಯಾರೂ ಮುಟ್ಟುವುದಿಲ್ಲ ಎಂದು ರಾಜನ ಅಧಿಕಾರಿಯೇ ಗಿಲ್ಬರ್ಟನಿಗೆ ಬರೆದುಕೊಟ್ಟಿದ್ದ ಕಾಗದ ಅದು.

"ಮನೇಲೇ ಇದ್ದೀನಲ್ಲೋ. ಜೋಳಕ್ಕೆ ಮಣ್ಣು ಏರಿಸ್ತಿದ್ದೀನಿ, ಅಷ್ಟೆ."

"ಹೊಸ ಆಜ್ಞೆ. ಸಮುದ್ರದಾಚೆಯಿಂದ ಬಂದ ಸೈನಿಕರು ಸಾಲ್ತಿಲ್ಲ, ಇಲ್ಲಿಯವರನ್ನ ಇಲ್ಲಿಯವರ ಮೇಲೇ ಬಿಡ್ಬೇಕಂತೆ. ನಾಳೆ ಟೋಪಿಗೆ ಪೈನ್ ಮರದ ಸೊಪ್ಪು ಸಿಕ್ಕಿಸ್ಕೊಂಡು, ಬಂದೂಕು ತಗೊಂಡು ಬಾ. ಬರದಿದ್ರೆ ನೀನೂ ಬಂಡಾಯಗಾರನೇ. ಈ ಮನೆ ಸುಡೋಕೆ ನನ್ನನ್ನೇ ಕಳಿಸ್ತಾರೆ."

"ಇದರ ಚಾವಣಿ ಹಾಕೋಕೂ ನೀನೇ ಬಂದಿದ್ದೆ, ಡಂಕನ್," ಎಂದಳು ಗಿಲ್ಬರ್ಟನ ಹೆಂಡತಿ ಜೆನೆಟ್. ಅವನು ಕುದುರೆ ತಿರುಗಿಸಿದ.

ಗಿಲ್ಬರ್ಟ್ ಹೊಸ್ತಿಲ ಮೇಲೆ ಕುಳಿತ. ಬಂಡಾಯದವರ ಜೊತೆ ಎರಡು ವರ್ಷ ಕಾದಾಡಿದ ದಣಿವು ಇನ್ನೂ ಆರಿರಲಿಲ್ಲ. ಕಾಗದವನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದ. ರಾಜನ ಮೊಹರು ಒಳಗೆ ಹೋಗಿ ಬಿಳಿಯ ಬದಿ ಹೊರಗೆ ಉಳಿಯಿತು. ಆ ಸೀಮೆಯಲ್ಲಿ ಎರಡೂ ಕಡೆಯವರು ಹೊಲದ ಬಟ್ಟೆಯಲ್ಲೇ ಕಾದಾಡುತ್ತಿದ್ದರು. ಗುರುತಿಗೆಂದು ರಾಜನವರು ಟೋಪಿಗೆ ಸೊಪ್ಪು ಸಿಕ್ಕಿಸಿದರೆ, ಬಂಡಾಯದವರು ಬಿಳಿ ಕಾಗದ ಸಿಕ್ಕಿಸುತ್ತಿದ್ದರು.

"ಸೊಪ್ಪು ಕಿತ್ಕೊಂಡು ಬರ್ಲಾ?" ಎಂದಳು ಜೆನೆಟ್.

"ಬೇಡ," ಎಂದ ಗಿಲ್ಬರ್ಟ್, ಟೋಪಿ ತೆಗೆದು ಅದರ ಪಟ್ಟಿಗೆ ಕಾಗದ ಸಿಕ್ಕಿಸುತ್ತ. "ನಂಗೆ ಮನೇಲಿರೋದೇ ಸಾಕಿತ್ತು."