ಬೆಳಗಿನ ನೀಲಿ

ಗಂಡನ ಕೂದಲು ಸರಿಸಿ ನೋಡುತ್ತಿದ್ದ ವನಜಾಕ್ಷಿಯ ಕೈ ನಿಂತುಬಿಟ್ಟಿತು. ಬಸವಂತನ ತಲೆಯ ಹಿಂಭಾಗದಲ್ಲಿ ಅಂಗೈಯಗಲ ನೀಲಿ ಮೂಡಿತ್ತು.

ಈ ಊರಿನಲ್ಲಿ ಗಾಡಿಯಿಂದ ಬೀಳುವ ದಿನ, ಬೀಳುವ ಮೊದಲೇ, ಪೆಟ್ಟಿನ ನೀಲಿ ಬೆಳಿಗ್ಗೆಯೇ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಮೊಣಕಾಲಿನಲ್ಲಿ ಮೂಡಿದರೆ ಮನೆಯವರು ಅರಿಶಿನ ಹಚ್ಚಿ ಕಳಿಸುತ್ತಾರೆ. ತಲೆಯಲ್ಲಿ ಮೂಡಿದರೆ ಹೆಲ್ಮೆಟ್ ಇಲ್ಲದೆ ಯಾರೂ ಹೊಸಿಲು ದಾಟುವುದಿಲ್ಲ. ಬಸವಂತನ ಹೆಲ್ಮೆಟ್ ನಿನ್ನೆ ಸಂತೆಯಲ್ಲಿ ಕಳುವಾಗಿತ್ತು.

"ಇವತ್ತೊಂದಿನ ಹೋಗ್ಬೇಡಿ."

"ಹೋಗದಿದ್ರೆ ಕೆಲಸದಿಂದ ತೆಗೀತಾರೆ ಕಣೆ."

ಅವಳು ಎದುರು ಮನೆಗೆ ಓಡಿದಳು. ತಿಪ್ಪೇಶ ಏನನ್ನೂ ಕೇಳದೆ ತನ್ನ ಹೆಲ್ಮೆಟ್ ತೆಗೆದುಕೊಟ್ಟ. "ತಗೊಳ್ಳಿ ಅಕ್ಕ. ನಾನು ಇಲ್ಲೇ ಹಾಲು ತರೋಕೆ ಹೋಗೋದು, ನನಗ್ಯಾಕೆ?"

ಬಸವಂತನಿಗೆ ಅದನ್ನು ಒಮ್ಮೆ ಹಾಕಿ, ತೆಗೆಸಿ ನೋಡಿದಳು. ನೀಲಿ ಮಾಯವಾಗಿತ್ತು. ಮತ್ತೆ ಹಾಕಿ, ಗದ್ದದಡಿಯ ಪಟ್ಟಿಯನ್ನು ತಾನೇ ಬಿಗಿದಳು.

ಅವನು ಗೇಟಿನ ಬಳಿ ಬೈಕಿನ ಕಿಕ್ ಒದೆಯುತ್ತಿದ್ದಾಗ ಎದುರು ಮನೆಯಿಂದ ತಿಪ್ಪೇಶನ ಸ್ಕೂಟರ್ ಹೊರಬಂತು. ಸಣ್ಣಗೆ ಕತ್ತರಿಸಿದ ಅವನ ಕೂದಲಿನೊಳಗೆ, ಕಿವಿಯ ಹಿಂದೆ, ಅದೇ ನೀಲಿ ಹರಡುತ್ತಿತ್ತು.

ಇಂಥದ್ದು ಕಂಡರೆ ಗುರುತಿಲ್ಲದವರಿಗೂ ಕೂಗಿ ಹೇಳುವುದು ಊರಿನ ರೂಢಿ. ವನಜಾಕ್ಷಿ ಬಾಯಿ ತೆರೆದಳು. ಹೇಳಿದರೆ ಹೆಲ್ಮೆಟ್ ವಾಪಸ್ ಕೊಡಬೇಕು.

"ತಿಪ್ಪೇಶಾ..."

"ಏನಕ್ಕ?"

ಅವಳ ಕಣ್ಣು ಬಸವಂತನ ಗದ್ದದಡಿಯ ಪಟ್ಟಿಯತ್ತ ಹೋಯಿತು.

"ಸ್ಟ್ಯಾಂಡು... ಸೈಡ್ ಸ್ಟ್ಯಾಂಡ್ ತೆಗಿಯಪ್ಪ."

ತಿಪ್ಪೇಶ ಕೆಳಗೆ ನೋಡಿ, ಸ್ಟ್ಯಾಂಡನ್ನು ಕಾಲಿನಿಂದ ಮೇಲೆತ್ತಿ ನಕ್ಕ. ಕಿವಿಯ ಹಿಂದಿನ ನೀಲಿ ಹಾಗೇ ಇತ್ತು.

"ಒಳ್ಳೆ ಟೈಮಿಗೆ ಹೇಳಿದ್ರಿ ಅಕ್ಕ. ಬಿದ್ದೇಬಿಡ್ತಿದ್ದೆ."